ಹನ್ನ, ಅನ್ನ: ಎರಡೂ ಒಂದೇ ಹೆಸರು

ಎಲ್ಲರಿಗೂ ನಮಸ್ಕಾರ. ಪಾಪುಗೆ ಹನ್ನ ಅಂತ ಹೆಸರಿಡ್ತೀವಿ ಅಂದಿದ್ದಕ್ಕೆ ಚಿಕ್ಕಪ್ಪ ಕೇಳಿದ್ದಾರಲ್ಲ, "ಬೈಬಲಿನ ಸಮುವೇಲನ ಪುಸ್ತಕದಲ್ಲಿ ಹನ್ನ, ಲೂಕನ ಸುವಾರ್ತೆಯಲ್ಲಿ ಅನ್ನ, ಇವೆರಡರಲ್ಲಿ ಯಾವುದು ಸರಿ?" ಅಂತ. ಟೈಪ್ ಮಾಡಿದ್ರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಹಾಕ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ.

ಎರಡೂ ಸರಿ, ಯಾಕಂದ್ರೆ ಎರಡೂ ಒಂದೇ ಹೆಸರು. ಮೂಲ ಹೀಬ್ರೂ. ಅಲ್ಲಿ ಇದರ ಮೊದಲ ಅಕ್ಷರ ಹೆತ್. ನಮ್ಮ ಹಕಾರಕ್ಕಿಂತ ಗಡುಸು, ಗಂಟಲೊಳಗಿಂದ ಬರುತ್ತೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಯೆಹೂದ್ಯರು ತಮ್ಮ ಶಾಸ್ತ್ರನ ಗ್ರೀಕಿಗೆ ತರೋಕೆ ಶುರು ಮಾಡಿದ್ರು. ಗ್ರೀಕಲ್ಲಿ ಆ ಶಬ್ದಕ್ಕೆ ಸರಿಯಾದ ಅಕ್ಷರವೇ ಇಲ್ಲ. ಕೆಲವು ಹೆಸರಿಗೆ ಖಕಾರದಂಥ ಅಕ್ಷರ ಹಾಕಿದ್ರು, ರಾಹೇಲಳು ರಖೇಲ್ ಆಗಿದ್ದು ಹಾಗೆ. ಹನ್ನಳ ಹೆಸರಲ್ಲಿ ಆ ಅಕ್ಷರ ಬಿಟ್ಟೇಬಿಟ್ರು, ಅನ್ನ ಆಯ್ತು. ಲೂಕ ಬರೆದಿದ್ದೂ ಗ್ರೀಕಲ್ಲೇ. ಹಾಗಾಗಿ ದೇವಾಲಯದಲ್ಲಿ ಎಳೆಗೂಸು ಯೇಸುವನ್ನ ನೋಡಿದ ಪ್ರವಾದಿನಿ, ಫನುವೇಲನ ಮಗಳು, ಅವಳೂ ಅನ್ನ. ನಮ್ಮ ಕನ್ನಡ ಬೈಬಲ್ ಹಳೆ ಒಡಂಬಡಿಕೆಯಲ್ಲಿ ಹೀಬ್ರೂ ರೂಪ, ಹೊಸದರಲ್ಲಿ ಗ್ರೀಕ್ ರೂಪ ಉಳಿಸಿಕೊಂಡಿದೆ, ಅಷ್ಟೇ.

ಅತ್ತೆ, ನಾವು ಊಟ ಮಾಡೋ ಅನ್ನಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ಸಂಸ್ಕೃತದ ಪದ. ಈ ಹೆಸರಿನ ಅರ್ಥ ಕೃಪೆ, ದಯೆ. ಸ್ನಾನಿಕ ಯೋಹಾನನ ಹೆಸರಲ್ಲೂ ಇದೇ ಧಾತು ಇದೆ, ಯೆಹೋವನು ಕೃಪೆ ತೋರಿದ್ದಾನೆ ಅಂತ ಅದರರ್ಥ.

ನನಗೆ ತುಂಬಾ ಇಷ್ಟವಾದ ಜಾಗ ಸಮುವೇಲನ ಮೊದಲನೇ ಪುಸ್ತಕದ ಮೊದಲನೇ ಅಧ್ಯಾಯ. ಮಕ್ಕಳಿಲ್ಲದ ಹನ್ನ ಶಿಲೋವಿನ ದೇವಾಲಯದಲ್ಲಿ ಮಗುವಿಗಾಗಿ ತುಟಿಯಷ್ಟೇ ಅಲ್ಲಾಡಿಸ್ತಾ ಪ್ರಾರ್ಥನೆ ಮಾಡ್ತಾಳೆ, ಯಾಜಕ ಏಲಿ ಕುಡಿದಿದ್ದಾಳೆ ಅಂದ್ಕೋತಾನೆ. ವಿಷಯ ತಿಳಿದ ಮೇಲೆ ಅವನು ಆಶೀರ್ವಾದ ಮಾಡ್ತಾನೆ. ಆಗ ಅವಳು, ನಿನ್ನ ದಾಸಿಗೆ ನಿನ್ನ ಕಣ್ಣಲ್ಲಿ ದಯೆ ಸಿಗಲಿ ಅಂತಾಳೆ. ಆ ದಯೆಗೆ ಹೀಬ್ರೂನಲ್ಲಿ ಹೇನ್ ಅನ್ನೋ ಪದ ಇದೆ. ಅವಳ ಹೆಸರಿನ ಧಾತುವೇ ಅದು! ವರ್ಷಗಟ್ಟಲೆ ಸವತಿ ಪೆನಿನ್ನಳ ಚುಚ್ಚುಮಾತು ಸಹಿಸಿದ ಹೆಂಗಸು, ತನ್ನ ಹೆಸರಲ್ಲೇ ಇದ್ದಿದ್ದನ್ನ ಬಾಯಿಬಿಟ್ಟು ಕೇಳ್ತಾಳೆ. ಗ್ರೀಕಲ್ಲಿ ದಯೆಗೆ ಖಾರಿಸ್ ಅಂತಾರೆ. ಖಾರಿಸ್‌ಗೂ ಅನ್ನಗೂ ಸದ್ದು ಹೊಂದಲ್ಲ, ಆ ನಂಟು ಅಲ್ಲಿ ಕಿವಿಗೆ ಬೀಳೋದೇ ಇಲ್ಲ. ಆದ್ರೆ ಲೂಕನ ಮೊದಲನೇ ಅಧ್ಯಾಯದಲ್ಲಿ ದೂತ ಯೇಸುವಿನ ತಾಯಿ ಮರಿಯಳಿಗೆ, ನಿನಗೆ ದೇವರ ದಯೆ ದೊರಕಿದೆ ಅನ್ನುವಾಗ ಅದೇ ಖಾರಿಸ್ ಬರುತ್ತೆ. ಮುಂದೆ ಮರಿಯಳ ಹಾಡಲ್ಲಂತೂ ಹನ್ನಳ ಹಾಡು ಹೆಜ್ಜೆಹೆಜ್ಜೆಗೂ ಕೇಳಿಸುತ್ತೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ.

ಮರಿಯಳ ತಾಯಿ ಸಂತ ಅನ್ನಮ್ಮನವರ ಹೆಸರೂ ಇದೇ. ಅದು ಬೈಬಲಿನಲ್ಲಿಲ್ಲ, 2ನೇ ಶತಮಾನದ ಒಂದು ಬರಹದಿಂದ ಬಂದಿದ್ದು. ಹಬ್ಬ ಜುಲೈ 26.

ರಿಜಿಸ್ಟರಲ್ಲಿ ಹನ್ನಾ ಅಂತ ಬರೆಸಿ. ಹನಾ ಅಂತ ಬೇಡ, ಹೀಬ್ರೂನಲ್ಲೂ ಗ್ರೀಕಲ್ಲೂ ನಕಾರಕ್ಕೆ ಒತ್ತು ಇದೆ.