ಗದ್ದೆ ನೀರಲ್ಲಿ ಸಿಕ್ಕ ಈ ಗಿಡ ಯಾವ್ದು? ಜೊತೆಗೆ ಗಪ್ಪಿ ಮೀನಿನ ಮರಿ ಬೇರೆ ಮಾಯ ಆಗ್ತಿದಾವೆ

ಗಪ್ಪಿ ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಗಣಪತಿ ಹಬ್ಬಕ್ಕೆ ಮಲೇಬೆನ್ನೂರು ಕಡೆ ಸೋದರಮಾವನ ಊರಿಗೆ ಹೋಗಿದ್ದೆ, ಗದ್ದೆ ಬದು ಪಕ್ಕ ಭದ್ರಾ ಚಾನಲ್ ನೀರು ನಿಂತಿರೋ ಗುಂಡೀಲಿ ಒಂದು ಗಿಡ ಕಾಣ್ತು, ಪೂರ್ತಿ ನೀರೊಳಗೇ ಐತೆ, ಎಲೆ ಅಂಗೈ ಅಗಲ, ಅಂಚೆಲ್ಲ ಸುಕ್ಕುಸುಕ್ಕು, ಬಿಸಿಲಿಗೆ ಹಿಡಿದ್ರೆ ಹಿಂದಿನ ಬೆರಳು ಕಾಣ್ಬೇಕು ಅಷ್ಟು ತೆಳು. ಕಿತ್ಕೊಂಡು ಬಂದೆ. ಮಾವ "ಕಳೆ ಸಾಕೋ ಅಳಿಯನ್ನ ಇವತ್ತೇ ನೋಡಿದ್ದು, ಇನ್ನೊಂದೆಕರೆ ಐತೆ, ಅದನ್ನೂ ಕಿತ್ಕೊಂಡು ಹೋಗು" ಅಂತ ಊರೆಲ್ಲ ಹೇಳ್ಕೊಂಡು ನಕ್ಕ.

ನಂದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು, 50 ಲೀಟರ್ ಮೇಲೆ ಹಿಡಿಯುತ್ತೆ, ತಳಕ್ಕೆ ಬರೀ ಸಣ್ಣ ಕಲ್ಲು, 18 ವ್ಯಾಟ್ ಎಲ್‌ಇಡಿ, ಬೋರ್ ನೀರು, ಟಿಡಿಎಸ್ (ನೀರಲ್ಲಿ ಕರಗಿರೋ ಲವಣ) 850 ತೋರ್ಸುತ್ತೆ. ಹತ್ತು ದಿನ ಆಯ್ತು, ಕೆಳಗಿನ ಎಲೆ ಗಾಜಿನ ತರ ಆಗಿ ಕರಗ್ತಾ ಐತೆ, ಮುಟ್ಟಿದ್ರೆ ಹಪ್ಪಳ ಮುರಿದಂಗೆ ಮುರಿಯುತ್ತೆ. ಅದರ ಜೊತೆ ಹಸಿರು ನೂಲಿನಂಥದ್ದೂ ಬಂದಿದೆ, ಮೈತುಂಬ ಸಾಸಿವೆಗಿಂತ ಚಿಕ್ಕ ಗುಳ್ಳೆ. ಇದೇನು? ಇನ್ನೊಂದು ವಿಷ್ಯ, 20 ಗಪ್ಪಿ ಮರಿ ಇದ್ವು, ಈಗ ಎಣಿಸಿದ್ರೆ ಆರು. ಪಕ್ಕದಲ್ಲಿರೋ ಹೈಡ್ರಿಲ್ಲಾ ಅನ್ನೋ ನೀರುಗಿಡದ ಎಲೆ ಮೇಲೆ ಸುಣ್ಣ ಬಳಿದಂಗೆ ಬೇರೆ ಆಗಿದೆ.

ಕೋಟೆ ಹೈದ:
ಚಿತ್ರದುರ್ಗದಿಂದ. ಅದು ಅಪೊನೊಜೆಟಾನ್ ರೀ, ಕಣ್ಮುಚ್ಕೊಂಡು ಹೇಳ್ತೀನಿ, ಸುಕ್ಕು ಎಲೆ ಅಂದ್ರೆ ಅದೇ. ನಮ್ ದುರ್ಗದ ಬೋರ್ ನೀರೂ ಹಿಂಗೇ, ಕೆಟಲ್ ತಳದಲ್ಲಿ ಸುಣ್ಣ ಕೆರೆದು ಕೆರೆದು ಸಾಕಾಗಿದೆ, ಅದಕ್ಕೆ ನಾನು ಆರ್‌ಒ ನೀರು ಬೆರೆಸ್ತೀನಿ. ನೀವೂ ಹಂಗೇ ಮಾಡಿ, ಗಿಡಕ್ಕೆ ಒಂದು ಸಿಒಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಹಾಕ್ಸಿ, ಸರಿ ಹೋಗುತ್ತೆ. ಆ ಗುಳ್ಳೆ ಗಿಡ ಮಾತ್ರ ಮೊದ್ಲು ಎತ್ತಿ ಬಿಸಾಕಿ, ಅದು ಮಾಂಸ ತಿನ್ನೋ ಗಿಡ, ಮರಿ ತಿಂದಿದ್ದು ಅದೇ.

ನೀರುಗಿಡ ಹುಚ್ಚ:
ಕೋಟೆ ಹೈದ ಅವ್ರೇ, ಕಣ್ಬಿಟ್ಕೊಂಡು ಹೇಳಿ ಒಂದ್ಸಲ 😄

ಅಪೊನೊಜೆಟಾನ್‌ಗೆ ಬುಡದಲ್ಲಿ ಗೆಡ್ಡೆ ಇರುತ್ತೆ, ಹೂವು ತೆನೆ ತರ ನೀರ ಮೇಲೆ ಬರುತ್ತೆ, ಒಂದು ಕಡ್ಡಿ ತುಂಬ ಸಣ್ಣ ಸಣ್ಣ ಹೂವು. ಎಲೆ ನೋಡಿ ಹೆಸರು ಹೇಳೋಕೆ ಹೋದ್ರೆ ನೀರುಗಿಡದಲ್ಲಿ ಯಾವಾಗ್ಲೂ ಮೋಸ ಹೋಗ್ತೀವಿ, ಒಂದೇ ಗಿಡದ ಎಲೆ ಎಳೇದಿದ್ದಾಗ ಒಂದು ತರ, ಬಲಿತ ಮೇಲೆ ಇನ್ನೊಂದು ತರ. ಗಪ್ಪಿ ಅವ್ರೇ, ಬುಡ ನೋಡಿ ಹೇಳಿ, ಗೆಡ್ಡೆ ಇದೆಯಾ ಬರೀ ಬೇರಾ? ಕಾಯಿ ಇದ್ಯಾ?

ಗಪ್ಪಿ ದಾವಣಗೆರೆ:
ಗೆಡ್ಡೆ ಇಲ್ಲ, ಬಿಳಿ ಬೇರಿನ ಗೊಂಚಲು ಅಷ್ಟೆ. ಕಾಯಿ ಒಂದಿದೆ, ನೀರೊಳಗೇ, ಸುತ್ತ ರೆಕ್ಕೆ ತರ ಸುಕ್ಕು ಅಂಚು. ಗದ್ದೇಲಿ ಹೂವೂ ನೋಡಿದ್ದೆ, ಒಂದೇ ಒಂದು, ಬಿಳಿ, ಮೂರೇ ಎಸಳು.

ನೀರುಗಿಡ ಹುಚ್ಚ:
ಮುಗೀತು. ಒಟ್ಟೆಲಿಯಾ ಅಲಿಸ್ಮಾಯ್ಡಿಸ್. ಇಂಗ್ಲಿಷಲ್ಲಿ ಡಕ್ ಲೆಟಸ್ ಅಂತಾರೆ. ಒಟ್ಟೆಲಿಯಾ ಅನ್ನೋ ಹೆಸರು ಮಲಯಾಳದಿಂದ ಹೋಗಿದ್ದು, ಅಂದ್ರೆ ನಮ್ ಕಡೆ ಗಿಡಾನೇ, ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಎಲ್ಲಾ ಇದರ ದಾಯಾದಿಗಳು.

ಆರ್‌ಒ, ಸಿಲಿಂಡರ್ ಎರಡೂ ಬೇಡ ರೀ, ದುಡ್ಡು ಉಳಿಸ್ಕೊಳ್ಳಿ. ಈ ಗಿಡದ ಮಜಾನೇ ಅದು, ನೀರಲ್ಲಿ ಕರಗಿರೋ ಸಿಒಟು ಕಮ್ಮಿ ಆದ್ರೆ ನೀರಲ್ಲೇ ಇರೋ ಬೈಕಾರ್ಬೊನೇಟ್ ಅನ್ನೋ ಲವಣದಿಂದ ಕಾರ್ಬನ್ ಎಳ್ಕೊಳ್ಳುತ್ತೆ, ಗಡಸು ನೀರಲ್ಲಿ ಬೈಕಾರ್ಬೊನೇಟಿಗೆ ಬರ ಎಲ್ಲಿ? ನಿಮ್ ಹೈಡ್ರಿಲ್ಲಾ ಮೇಲಿನ ಸುಣ್ಣನೂ ಅದೇ ಕಥೆ, ಅದೂ ಬೈಕಾರ್ಬೊನೇಟ್ ಬಳಸೋ ಗಿಡ, ಹಂಗೆ ಬಳಸಿದಾಗ ಎಲೆ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂರುತ್ತೆ. ರೋಗ ಅಲ್ಲ.

ನಿಮ್ ತಪ್ಪು ತಳದಲ್ಲಿದೆ. ಕೆಸರಲ್ಲಿ ಬೆಳೆದಿದ್ದನ್ನ ಬರೀ ಕಲ್ಲಲ್ಲಿ ನಿಲ್ಲಿಸಿದ್ರೆ ಬೇರಿಗೆ ಊಟ ಎಲ್ಲಿಂದ ಬರ್ಬೇಕು. ಅಗಲ ಬಾಯಿನ ಪ್ಲಾಸ್ಟಿಕ್ ಡಬ್ಬಿಗೆ ಎರಡಿಂಚು ಕೆರೆ ಗೋಡು, ಮೇಲೆ ಒಂದಿಂಚು ತೊಳೆದ ದಪ್ಪ ಮರಳು, ಅದರಲ್ಲಿ ನೆಟ್ಟು ಡಬ್ಬಿ ಸಮೇತ ಇಳಿಸಿ. ಹೊಲದ ಎರೆಮಣ್ಣು ಮಾತ್ರ ಹಾಕ್ಬೇಡಿ, ನಾನೊಂದ್ಸಲ ಹಾಕಿ ವಾರಗಟ್ಲೆ ಟ್ಯಾಂಕು ಚಹಾ ಆಗಿತ್ತು. ಮತ್ತೆ ಪದೇ ಪದೇ ಕಿತ್ತು ನೆಡ್ಬೇಡಿ, ಈ ಗಿಡಕ್ಕೆ ಆಗಲ್ಲ. ವರ್ಷದ ಗಿಡ, ಕಾಯಿ ಬಿಟ್ಟ ಮೇಲೆ ಹೋಗಿಬಿಡುತ್ತೆ, ಆ ಕಾಯಿ ಬಿರಿಯೋಕೆ ಬಿಡಿ, ಒಳಗೆ ರಾಶಿ ಬೀಜ ಇರ್ತಾವೆ, ಮುಂದಿನ ಗಿಡ ಅದರಲ್ಲೇ ಬರ್ಬೇಕು.

ನೂಲಿನಂಥದ್ದು ಯುಟ್ರಿಕ್ಯುಲೇರಿಯಾ, ಬೇರೇ ಇಲ್ದೆ ತೇಲೋ ಗಿಡ. ಮಾಂಸ ತಿನ್ನುತ್ತೆ ನಿಜ, ಆ ಗುಳ್ಳೆಗೆ ಬಾಗಿಲಿದೆ, ಬಾಗಿಲ ಕೂದಲಿಗೆ ಹುಳ ತಾಕಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ನೀರು ಸಮೇತ ಒಳಗೆ. ಆದ್ರೆ ನಿಮ್ ಗುಳ್ಳೆ ಸಾಸಿವೆಗಿಂತ ಚಿಕ್ಕದು, ಹುಟ್ಟಿದ ಗಪ್ಪಿ ಮರಿ ಆರೇಳು ಮಿಲಿಮೀಟರ್. ಹದಿನಾಲ್ಕು ಮರಿ ಅದು ನುಂಗೋಕೆ ಸಾಧ್ಯನೇ ಇಲ್ಲ.

ಸೂಳೆಕೆರೆ ದಂಡೆ:
ಚನ್ನಗಿರಿಯಿಂದ. ಗಿಡನ ಬಕೆಟಲ್ಲಿ ಬೇರೆ ಇಟ್ರಾ, ಸೀದಾ ಟ್ಯಾಂಕಿಗೆ ಹಾಕಿದ್ರಾ? ಗದ್ದೆ ಗಿಡದಲ್ಲಿ ಏರೋಪ್ಲೇನ್ ಚಿಟ್ಟೆ ಮರಿ ಬರುತ್ತೆ ರೀ, ನೀರೊಳಗೇ ತಿಂಗಳುಗಟ್ಲೆ ಇರುತ್ತೆ, ಮಣ್ಣು ಬಣ್ಣ, ಕಲ್ಲು ಸಂದೀಲಿ ಕೂತ್ರೆ ಕಾಣೋದೇ ಇಲ್ಲ. ಕೆಳತುಟಿ ಮುಂದಕ್ಕೆ ಚಾಚಿ ಮರಿ ಹಿಡಿಯುತ್ತೆ. ರಾತ್ರಿ ಲೈಟ್ ಆಫ್ ಮಾಡಿ ಟಾರ್ಚ್ ಬಿಟ್ಟು ನೋಡಿ. ನಾನಾದ್ರೆ ಎರಡು ವಾರ ಬಕೆಟಲ್ಲಿಟ್ಟು ದಿನ ಬಿಟ್ಟು ದಿನ ನೀರು ಬದಲಾಯಿಸ್ತೀನಿ, ಗದ್ದೆಗೆ ಹೊಡೆದ ಔಷಧಿ ಅಂಶ ಇದ್ರೂ ಹೋಗ್ಲಿ ಅಂತ, ಸೀಗಡಿ ಸಾಕೋರಿಗೆ ಅದು ಇನ್ನೂ ಮುಖ್ಯ. ಹಾಂ, ಬೇಡ ಅನಿಸಿದ ಅಂಗಡಿ ಗಿಡ ಯಾರೂ ಚಾನಲ್‌ಗೋ ಕೆರೆಗೋ ಎಸೀಬೇಡಿ, ಅಂತರಗಂಗೆ ಕಳೆ ಕೆರೆ ಮುಚ್ಚಿದ್ದು ನೋಡಿದ್ದು ಸಾಲ್ದಾ.

ಗಪ್ಪಿ ದಾವಣಗೆರೆ:
ಸೀದಾ ಹಾಕಿದ್ದೆ, ಬೈಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡ್ಕೊಂಡು ಕೂತೆ, ಫಿಲ್ಟರ್ ಹಿಂದೆ ಒಂದು ಸಿಕ್ತು, ಒಂದಿಂಚು ಇರ್ಬೇಕು, ಬಾಯಲ್ಲಿ ಅರ್ಧ ಮರಿ. ಮಗಳು ಅದನ್ನೂ ಸಾಕ್ಬೇಕು ಅಂತ ಹಟ ಹಿಡಿದು ಈಗ ಹಾರ್ಲಿಕ್ಸ್ ಬಾಟ್ಲೀಲಿ ಕಡ್ಡಿ ನಿಲ್ಸಿ ಇಟ್ಟಿದಾಳೆ, ಸೊಳ್ಳೆ ಮರಿ ಹುಡುಕೋ ಕೆಲ್ಸ ನಂದು. ಯುಟ್ರಿಕ್ಯುಲೇರಿಯಾ ತಾರಸಿ ಮೇಲಿನ ಟಬ್ಬಿಗೆ ಹೋಯ್ತು. ಗೋಡು ತರೋಕೆ ಭಾನುವಾರ ಮಾವನಿಗೇ ಫೋನ್ ಮಾಡ್ಬೇಕು, ಏನಂತಾನೋ.

ಕೋಟೆ ಹೈದ:
ಸರಿ ಸೋತೆ. ಬೀಜ ಆದ್ರೆ ನಂಗೊಂದಿಷ್ಟು ಎತ್ತಿಡಿ, ಆರ್‌ಒ ನೀರಿಗಂತೂ ಹಾಕಲ್ಲ.