ಲ್ಯಾಬಿಗೆ ಮನೆ ಫ್ರಿಜ್ ಸಾಕಾ? ಅನುಭವ ಇದ್ದವರು ಹೇಳಿ

ಸಿಂಧನೂರು: ನಮ್ಮದು ಸಣ್ಣ ಲ್ಯಾಬ್. ಥೈರಾಯ್ಡ್, ವಿಟಮಿನ್ ಸ್ಯಾಂಪಲ್‌ಗಳನ್ನು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹಾಕುತ್ತೇವೆ. ಹಳೆ ಫ್ರಿಜ್ ಕೈಕೊಟ್ಟಿದೆ, ಏಪ್ರಿಲ್ ಬಿಸಿಲು ಬೇರೆ. ಮನೆ ಫ್ರಿಜ್ ತರಲಾ, ಲ್ಯಾಬ್ ಫ್ರಿಜ್ಜೇ ತರಲಾ? ಕೈಯಲ್ಲಿ 40 ಸಾವಿರ ಇದೆ.

ದಾವಣಗೆರೆ: ನಾನು ಲ್ಯಾಬ್ ಫ್ರಿಜ್ಜೇ ತಂದೆ. 1,12,000 ರೂಪಾಯಿ. ಸ್ಟೆಬಿಲೈಸರ್ 7,500, ಡಿಗ್ರಿ ಬರೆದಿಡುತ್ತಾ ಹೋಗುವ ಡೇಟಾ ಲಾಗರ್ 4,200, ಲಾರಿ ಬಾಡಿಗೆ 3,000, ಮಹಡಿಗೆ ಹೊತ್ತ ಹಮಾಲರಿಗೆ 1,200. ವಾರಂಟಿ ಮುಗಿದ ತಿಂಗಳೇ ಬೋರ್ಡ್ ಸುಟ್ಟಿತು. ಅದಕ್ಕೆ 14,600, ಮೆಕ್ಯಾನಿಕ್ ಬಂದುಹೋಗುವ ಖರ್ಚೂ ನಮ್ಮ ತಲೆಗೇ. ಆದರೂ ಇನ್ನೊಮ್ಮೆ ಕೊಳ್ಳಬೇಕಾದರೆ ಇದನ್ನೇ ಕೊಳ್ಳುತ್ತೇನೆ. ಒಳಗೆ ಫ್ಯಾನ್ ಇದೆ. ಯಾವ ತಟ್ಟೆಯಲ್ಲಿಟ್ಟರೂ 2ರಿಂದ 8 ಡಿಗ್ರಿ ದಾಟಲ್ಲ.

ಶಿರಸಿ: ಅಷ್ಟು ದುಡ್ಡು ಸುರಿಯುವುದು ಯಾಕೆ ಸಾರ್? ನಮ್ಮದು ಮನೆ ಫ್ರಿಜ್, 23,500. ಸ್ಯಾಂಪಲ್ ಮಧ್ಯದ ತಟ್ಟೆಯಲ್ಲಿ ಮಾತ್ರ, ಬಾಗಿಲಲ್ಲಿ ಒಂದು ಟ್ಯೂಬೂ ಇಡಲ್ಲ. ತರಕಾರಿ ಡಬ್ಬಿ ತೆಗೆದು ನೀರಿನ ಬಾಟಲಿ ತುಂಬಿದ್ದೇನೆ, ಕರೆಂಟ್ ಹೋದರೂ ತಂಪು ಹಿಡಿದಿಡುತ್ತದೆ. ಥರ್ಮಾಮೀಟರಿನ ತುದಿ ಗ್ಲಿಸರಿನ್ ಸೀಸೆಯೊಳಗೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದಕ್ಕೇ ಇನ್ವರ್ಟರ್ ಹಾಕಿಸಿದೆ, ಅದರ ಬ್ಯಾಟರಿ 16,800.

ದಾವಣಗೆರೆ: ಫ್ರಾಸ್ಟ್ ಫ್ರೀ ಫ್ರಿಜ್ ಅಲ್ವಾ? ಡಿಫ್ರಾಸ್ಟ್ ಆಗುವಾಗ, ಅಂದರೆ ಕಟ್ಟಿದ ಐಸ್ ಕರಗಿಸಲು, ಒಳಗೆ ಹೀಟರ್ ಆನ್ ಆಗುತ್ತದೆ. ಲಾಗರ್ ಗ್ರಾಫ್ ನೋಡಿದ್ದೀರಾ?

ಶಿರಸಿ: ನೋಡಿಯೇ ಹೇಳುತ್ತಿದ್ದೇನೆ. ಲಾಗರ್ ನಿಮ್ಮ ಹತ್ತಿರ ಮಾತ್ರ ಇರುವುದಲ್ಲ.

ಕಲಬುರಗಿ ಟೆಕ್ನಿಷಿಯನ್: ಫ್ರಿಜ್ ಜಗಳ ಬಿಡ್ರಿ. ರಕ್ತದ ಟ್ಯೂಬನ್ನು ಸ್ಪಿನ್ ಮಾಡದೆ, ಅಂದರೆ ಮೆಷಿನ್ನಲ್ಲಿ ಗಿರ್ರನೆ ತಿರುಗಿಸಿ ಕಣ ಬೇರೆ ಮಾಡದೆ, ಒಳಗಿಟ್ಟರೆ ಲಕ್ಷದ ಫ್ರಿಜ್ಜೂ ಅಷ್ಟೇ. ನಾನು ಹಿಂದೆ ಇದ್ದ ಲ್ಯಾಬಿಗೆ ರಕ್ತ ತೆಗೆದು ಕಳಿಸುವ ಒಂದು ಕಲೆಕ್ಷನ್ ಸೆಂಟರಿನವರು ಇಡೀ ರಕ್ತವನ್ನೇ ರಾತ್ರಿಯೆಲ್ಲಾ ಫ್ರಿಜ್ಜಲ್ಲಿಟ್ಟು ಕಳಿಸಿದರು. ಪೊಟ್ಯಾಸಿಯಂ ಅನ್ನು ಒಳಗೆ ಹಿಡಿದಿಡುವ ರಕ್ತಕಣದ ಪಂಪ್ ತಂಪಿಗೆ ಮಂದವಾಗಿ, ಅದು ಹೊರಗೆ ಸೋರುತ್ತದೆ. ಸೀರಮ್ (ಕಣ ಬಿಟ್ಟು ಮೇಲೆ ಉಳಿಯುವ ನೀರು) ತಿಳಿ ಹಳದಿ, ಒಂಚೂರೂ ಕೆಂಪಿಲ್ಲ. ಹಿಮೊಲೈಸ್ ಆಗಿದ್ದರೆ, ಅಂದರೆ ರಕ್ತಕಣ ಒಡೆದಿದ್ದರೆ, ಕಣ್ಣಿಗಾದರೂ ಕಾಣುತ್ತಿತ್ತು. ಪೊಟ್ಯಾಸಿಯಂ ರಿಪೋರ್ಟ್ 6.9 ಬಂತು, ಜೀವಕ್ಕೇ ಅಪಾಯ ಅನ್ನುವಷ್ಟು. ಹಳ್ಳಿಯಿಂದ ಅಜ್ಜಿಯನ್ನು ಜೀಪಲ್ಲಿ ಆಸ್ಪತ್ರೆಗೆ ಹೊತ್ತೊಯ್ದರು. ಅಲ್ಲಿ ಹೊಸದಾಗಿ ತೆಗೆದ ರಕ್ತದಲ್ಲಿ 4.3, ನಾರ್ಮಲ್. ಬೈಸಿಕೊಂಡಿದ್ದು ನಾನು. ಎರಡು ಗಂಟೆಯೊಳಗೆ ಸ್ಪಿನ್ ಮಾಡಿ ಸೀರಮ್ ಬೇರೆ ಮಾಡಲೇಬೇಕು.

ಮಂಗಳೂರು: ಎಲ್ಲದಕ್ಕೂ ಕಲೆಕ್ಷನ್ ಸೆಂಟರೇ ಸಿಕ್ಕಿತಾ? ನಮಗೆ ಸ್ಪಿನ್ ಮಾಡುವ ಸೆಂಟ್ರಿಫ್ಯೂಜ್ ಕೊಟ್ಟವರು ಯಾರು? 18,000 ಸಾಲ ಮಾಡಿ ನಾನೇ ತಂದೆ, ಇನ್ನೂ ಕಂತು ಕಟ್ಟುತ್ತಿದ್ದೇನೆ. ಡಬ್ಬಿ ಒಯ್ಯುವ ಹುಡುಗ ಗಡ್ಡೆಕಟ್ಟಿದ ಜೆಲ್ ಪ್ಯಾಕಿಗೇ ಟ್ಯೂಬ್ ತಾಗಿಸಿ ಇಡುತ್ತಾನೆ, ರಕ್ತ ಹಿಮೊಲೈಸ್ ಆಗುತ್ತದೆ. ನಾನು ಮಧ್ಯೆ ದಪ್ಪ ಬಟ್ಟೆ ಇಟ್ಟು ಕೊಟ್ಟರೂ ದಾರಿಯಲ್ಲಿ ತೆಗೆಯುತ್ತಾನೆ. ಪಿಟಿ ಟ್ಯೂಬ್ (ರಕ್ತ ಹೆಪ್ಪುಗಟ್ಟುವ ಹೊತ್ತು ನೋಡುವ ಟೆಸ್ಟಿನದು) ತಂಪಲ್ಲಿ ಇಡಬಾರದು, ರೂಮಿನಲ್ಲೇ 24 ಗಂಟೆ ತಡೆಯುತ್ತದೆ ಅಂದರೆ ಕೇಳಲ್ಲ, ಅದನ್ನೂ ಐಸಿಗೇ ಸೇರಿಸುತ್ತಾನೆ. ರಿಜೆಕ್ಟ್ ಆದರೆ ದುಡ್ಡು ನನ್ನ ಕಮಿಷನ್ನಿನಲ್ಲಿ ಕಟ್.

ಸಿಂಧನೂರು: ಅಣ್ಣಾ, 40 ಸಾವಿರಕ್ಕೆ ಯಾವುದು ಬರುತ್ತದೆ ಅಂತ ಯಾರಾದರೂ ಹೇಳಿ.

ಕಲಬುರಗಿ ಟೆಕ್ನಿಷಿಯನ್: ಮೇಡಂ, ಕಮಿಷನ್ ಲೆಕ್ಕ ನನಗೆ ಯಾಕೆ? ರಕ್ತ ತೆಗೆದ ಹೊತ್ತು ಬರೆದು ಕಳಿಸಿ. ಅದಿಲ್ಲದ ಟ್ಯೂಬನ್ನು ನಾನು ಮೆಷಿನ್ನಿಗೆ ಹಾಕಲ್ಲ, ಯಾರೇ ಫೋನ್ ಮಾಡಲಿ.

ಮಂಗಳೂರು: ಬರೆದೇ ಕಳಿಸುತ್ತೇನೆ. ಡಬ್ಬಿ ಬಿಚ್ಚಿದ ಹೊತ್ತು, ಆಗ ಒಳಗಿದ್ದ ಡಿಗ್ರಿ, ಎರಡನ್ನೂ ಲ್ಯಾಬಿನವರು ಬರೆಯಲಿ. ಆಮೇಲೆ ತಪ್ಪು ಯಾರದು ಅಂತ ಮಾತಾಡೋಣ.