ಬಿಣಗಾ ಎದುರಿನ ದ್ವೀಪದ ಹಾಳು ಇಗರ್ಜಿ ಯಾರದ್ದು?

ಸಿರ್ಸಿ ಬೈಕರ್:
ಮೊನ್ನೆ ಕಾರವಾರಕ್ಕೆ ಹೋಗುವಾಗ ಬಿಣಗಾ ಹತ್ತಿರ ಬೈಕ್ ನಿಲ್ಲಿಸಿ ಅಂಜುದೀವ ದ್ವೀಪ ನೋಡುತ್ತಿದ್ದೆ. ಎಳನೀರು ಮಾರುವವರು, ಅಲ್ಲಿ ಬ್ರಿಟಿಷರ ಕಾಲದ ಹಾಳು ಚರ್ಚ್ ಇದೆ ಅಂದರು. ಹೌದಾ? ದೋಣಿ ಸಿಗುತ್ತಾ? ಮ್ಯಾಪ್ ನೋಡಿದರೆ ಅದು ಗೋವಾ ಅಂತ ಬೇರೆ ತೋರಿಸುತ್ತದೆ!

ಹಳೇ ಕಡತ:
ಬ್ರಿಟಿಷರದ್ದಲ್ಲ ಮಾರಾಯಾ, ಪೋರ್ಚುಗೀಸರದ್ದು. ಬ್ರೋತಸ್ ಮಾತೆಯ ಇಗರ್ಜಿ. 1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವಾಗ ಅಲ್ಲಿ ತಂಗಿದ್ದ, ಸಿಹಿನೀರು ಸಿಗುತ್ತಿತ್ತಲ್ಲ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಕೋಟೆ ಕಟ್ಟಿಸಿದ, ಮರುವರ್ಷ ಅವರೇ ಅದನ್ನು ಕೆಡವಿದರು. ಈಗ ಕುಸಿದು ನಿಂತಿರುವ ಕೋಟೆ 1682ರಲ್ಲಿ ಶುರುವಾಗಿದ್ದು, ಸಂಭಾಜಿ ದ್ವೀಪ ಹಿಡಿದುಬಿಟ್ಟಾನು ಅನ್ನುವ ಭಯಕ್ಕೆ.

ಬ್ರಿಟಿಷರ ಕಥೆಯೂ ಪೂರ್ತಿ ಸುಳ್ಳಲ್ಲ. ಮುಂಬೈ ವಶಕ್ಕೆ ತಗೊಳ್ಳೋಕೆ ಬಂದ ಬ್ರಿಟಿಷ್ ಅಧಿಕಾರಿ ಶಿಪ್‌ಮನ್‌ನ ದಂಡಿಗೆ ಅಲ್ಲಿನ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಪಾಪ, ಇದೇ ದ್ವೀಪದಲ್ಲಿ ಕಾಯುತ್ತಾ ಕೂತರು. ಕಾಯಿಲೆ ಬಂದು ಹೆಚ್ಚಿನವರು ಸತ್ತರು, ಶಿಪ್‌ಮನ್ನೂ ಅಲ್ಲೇ ಸತ್ತ. 1665ರಲ್ಲಿ ಉಳಿದ ನೂರಿಪ್ಪತ್ತು ಜನ ಮುಂಬೈಗೆ ಹೋದರು.

ಗೋವಾ ಯಾಕೆ ಅಂದರೆ, 1961ರ ಡಿಸೆಂಬರ್‌ವರೆಗೂ ಅದು ಪೋರ್ಚುಗೀಸರ ಕೈಯಲ್ಲೇ ಇತ್ತು. ಬಿಡಿಸಿಕೊಳ್ಳೋಕೆ ಇಳಿದ ನಮ್ಮ ನೌಕಾಪಡೆಯ 7 ಜನ ತೀರಿಕೊಂಡರು, ಅವರ ಸ್ಮಾರಕ ಅಲ್ಲಿದೆ. ಈಗಲೂ ಕಾಗದದಲ್ಲಿ ಗೋವಾದ ಕಾಣಕೋಣ ತಾಲೂಕು.

ಬೈತಖೋಲದವಳು:
ನಾನು ಸಣ್ಣವಳಿದ್ದಾಗ ಆ ಇಗರ್ಜಿಯ ಫೆಬ್ರವರಿ 2ರ ಫೆಸ್ತ್‌ಗೆ (ಹಬ್ಬಕ್ಕೆ) ಹೋಗಿದ್ದೇನೆ, ಪಕ್ಕದ ಮನೆಯ ಕ್ರಿಶ್ಚಿಯನ್ ಬಾಯಿಯ ಜೊತೆ. ಇಳಿಯುವ ಕಡೆ ಕಲ್ಲೆಲ್ಲ ಪಾಚಿ, ಬಾಯಿ ಮೊಣಕಾಲುದ್ದ ನೀರಿಗೆ ಇಳಿದರು, ಸೀರೆ ಒದ್ದೆಯಾದರೂ ಮೇಣದ ಬತ್ತಿಯ ಕಟ್ಟನ್ನು ಮಾತ್ರ ತಲೆ ಮೇಲೆ ಎತ್ತಿ ಹಿಡಿದಿದ್ದರು! ಆಗಲೇ ಗೋಡೆಯ ಸುಣ್ಣ ಉದುರಿ ಒಳಗಿನ ಕೆಂಪು ಕಲ್ಲು ಕಾಣುತ್ತಿತ್ತು. ಅಂದಹಾಗೆ ಅಂಕೋಲೆಯ ಆರ್ಯಾದುರ್ಗೆಯ ಮೂಲ ಜಾಗವೂ ಅದೇ ದ್ವೀಪ ಅನ್ನುತ್ತಾರೆ, ನಮ್ಮಜ್ಜಿ ಅದಕ್ಕೂ ಸೇರಿಸಿ ಕೈ ಮುಗಿಯುತ್ತಿದ್ದರು.

ದೋಣಿ ಆಸೆ ಬಿಡಿ. ಅದೆಲ್ಲ ನೌಕಾನೆಲೆಯ ಜಾಗ. ಬಂಡೆ ಸುರಿದು ತಡೆಗೋಡೆ ಕಟ್ಟಿ ದ್ವೀಪವನ್ನು ದಡಕ್ಕೆ ಸೇರಿಸಿದ್ದಾರೆ, ಆದರೆ ನಮಗೆ ಬಾಗಿಲು ಬಂದ್. ಸುಮ್ನೆ ಕ್ಯಾಮೆರಾ ಗೀಮೆರಾ ಹಿಡಿದು ಹತ್ತಿರ ಹೋಗಬೇಡಿ. ಬಾಯಿ ಈಗ ಫೆಸ್ತ್ ದಿನ ಬಿಣಗಾ ದಂಡೆಯಲ್ಲೇ ಬತ್ತಿ ಹಚ್ಚುತ್ತಾರೆ, ಗಾಳಿಗೆ ನಿಲ್ಲಲ್ಲ ಅಂತ ತೆಂಗಿನ ಕರಟದೊಳಗೆ ಇಟ್ಟು.

ಸಿರ್ಸಿ ಬೈಕರ್:
ಥ್ಯಾಂಕ್ಸ್ ಇಬ್ಬರಿಗೂ. ಎಳನೀರಿನವರ ಹತ್ತಿರ ಬ್ರಿಟಿಷರದ್ದೇ ಅಂತ ನಾನೂ ತಲೆಯಾಡಿಸಿ ಬಂದಿದ್ದೆ. ಫೆಬ್ರವರಿಯಲ್ಲಿ ಆ ಕಡೆ ಬಂದರೆ ದಂಡೆಗೆ ಬರುತ್ತೇನೆ, ಕರಟ ನಾನು ತರಲಾ?